ಕಿವಿಗೊಂದು ಕಥೆ, ಕಾಗದಕ್ಕೊಂದು ಕಥೆ: ನನ್ನ ಮೊದಲ ಚಿತ್ರಕಥೆಯ ದಾರಿ

ಗಾಂಧಿನಗರದಲ್ಲಿ ಸ್ಕ್ರಿಪ್ಟ್ ಓದುವವರು ಕಡಿಮೆ, ಕೇಳುವವರು ಜಾಸ್ತಿ. ನಿರ್ಮಾಪಕರು ಕೇಳುತ್ತಾರೆ. ಹೀರೋ ಕೇಳುತ್ತಾರೆ, ಅವರ ಮ್ಯಾನೇಜರ್ ಕೇಳುತ್ತಾರೆ. ದುಡ್ಡು ಹಾಕುವವರ ಭಾವಮೈದ ಅವತ್ತು ಆಫೀಸಿಗೆ ಬಂದಿದ್ದರೆ ಅವರೂ ಕೂತು ಕೇಳುತ್ತಾರೆ. ಬೈಂಡ್ ಮಾಡಿಸಿದ ಪ್ರತಿಯನ್ನು ಕೈಗೆ ಕೊಟ್ಟರೆ ಟೇಬಲ್ ಮೇಲಿಟ್ಟು, "ಹೇಳಿ, ಕೇಳೋಣ" ಅನ್ನುತ್ತಾರೆ.

ಇದನ್ನು ದೂರು ಅಂತ ಹೇಳುತ್ತಿಲ್ಲ. ಹರಿಕಥೆ, ತಾಳಮದ್ದಳೆ, ಕಂಪನಿ ನಾಟಕ ಕೇಳಿ ಬೆಳೆದ ನಾಡು ನಮ್ಮದು. ಕಥೆಯಲ್ಲಿ ಜೀವ ಇದೆಯಾ ಇಲ್ಲವಾ ಅಂತ ಕಿವಿಯಲ್ಲೇ ಪರೀಕ್ಷೆ ಮಾಡುವುದು ಒಳ್ಳೆಯ ಅಭ್ಯಾಸವೇ. ತೊಂದರೆ ಬರುವುದು ಆಮೇಲೆ. ನಾಲ್ಕು ಗೋಡೆ ಮಧ್ಯೆ ಬಾಯಲ್ಲಿ ಹೇಳಿದ ಕಥೆಗೆ ಸಾಕ್ಷಿ ಇರುವುದಿಲ್ಲ. ಯಾರು ಬರೆದರು, ಯಾವಾಗ ಬರೆದರು ಅಂತ ಕೇಳಿದಾಗ ಕಾನೂನು ಕಾಗದ ತೋರಿಸು ಅನ್ನುತ್ತದೆ. ಹಾಗಾಗಿ ಇಲ್ಲಿ ಚಿತ್ರಕಥೆ ಬರೆಯುವವರು ಒಂದೇ ಕಥೆಯನ್ನು ಎರಡು ಸಲ ಕಟ್ಟಬೇಕು, ಕಿವಿಗೊಂದು, ಕಾಗದಕ್ಕೊಂದು. ನನ್ನ ಮೊದಲ ಚಿತ್ರಕಥೆ ಒನ್‌ಲೈನ್‌ನಿಂದ ಸೆನ್ಸಾರ್ ತನಕ ಹೋದ ದಾರಿಯಲ್ಲಿ ಇದು ಹೆಜ್ಜೆ ಹೆಜ್ಜೆಗೂ ಎದುರಾಯಿತು. ಈಗಷ್ಟೇ ಬರೆಯೋಕೆ ಶುರು ಮಾಡಿದವರಿಗೆ ಉಪಯೋಗವಾಗಲಿ ಅಂತ ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಸೀರಿಯಲ್‌ಗಳಿಗೆ ಸಂಭಾಷಣೆ ಬರೆಯುತ್ತಿದ್ದೆ. ರಾಜರಾಜೇಶ್ವರಿ ನಗರದ ಯಾವುದೋ ಬಾಡಿಗೆ ಬಂಗಲೆಯಲ್ಲಿ ಶೂಟಿಂಗ್ ನಡೆಯುತ್ತಿರುತ್ತದೆ, ನಾನು ಬಸವೇಶ್ವರನಗರದ ಮನೆಯಲ್ಲಿ ಕೂತು ಸೀನ್ ಕಳಿಸುತ್ತಿರುತ್ತೇನೆ. ಆರ್ಟಿಸ್ಟ್ ಮೇಕಪ್‌ಗೆ ಕೂತಾಗಿದೆ, ಸೀನ್ ಪೇಪರ್ ಇನ್ನೂ ವಾಟ್ಸಾಪ್‌ನಲ್ಲಿ ಬರುತ್ತಿದೆ. ಎಪಿಸೋಡ್‌ಗೆ ಇಷ್ಟು ಅಂತ ಸಂಭಾವನೆ. ಆ ಕೆಲಸ ನನಗೆ ತುಂಬಾ ಕಲಿಸಿತು. ಮೂಡ್‌ಗೆ ಕಾಯದೆ ಬರೆಯುವುದು, ಒಂದೊಂದು ಪಾತ್ರಕ್ಕೂ ಅದರದೇ ಮಾತಿನ ವರಸೆ ಕೊಡುವುದು, ನಟಿಯ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸಾಲು ಮುಗಿಸುವುದು, ಎಲ್ಲವೂ ಅಲ್ಲೇ ಬಂದದ್ದು. ಆದರೆ ಸೀರಿಯಲ್ ನೋಡುವವರು ಅರ್ಧ ಹೊತ್ತು ಅಡುಗೆಮನೆಯಲ್ಲಿರುತ್ತಾರೆ. ಸಾರಿಗೆ ಒಗ್ಗರಣೆ ಹಾಕುತ್ತಾ ಟಿ.ವಿ. ಕೇಳುತ್ತಾರೆ. ಅದಕ್ಕೇ ಅಲ್ಲಿ ಪಾತ್ರಗಳು ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. "ಅತ್ತೆ, ನಿನ್ನೆ ನೀವು ಒಡವೆ ಡಬ್ಬಿನ ಬೀರುವಲ್ಲಿ ಬಚ್ಚಿಟ್ಟಿದ್ದು ನಾನು ನೋಡಿದೆ" ಅಂತ ಸೊಸೆ ಹೇಳಲೇಬೇಕು. ಸಿನಿಮಾದಲ್ಲಿ ಸೊಸೆ ಬೀರುವಿನ ಕಡೆ ಒಂದು ಸಲ ಕಣ್ಣು ಹಾಯಿಸಿದರೆ ಸಾಕು.

ಕಥೆ ಹುಟ್ಟಿದ್ದು ಅಕ್ಕಪಕ್ಕದ ಮನೆಗಳಿಂದ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಎಲ್ಲರಿಗೂ ಗೊತ್ತು. ಆ ದುಡ್ಡನ್ನು ಓನರ್ ಬ್ಯಾಂಕಿನಲ್ಲಿ ಹಾಗೇ ಇಟ್ಟಿರುತ್ತಾರಾ? ಮಗಳ ಮದುವೆಗೋ, ಆಸ್ಪತ್ರೆಗೋ, ಮೇಲೊಂದು ಮಹಡಿ ಎತ್ತೋದಕ್ಕೋ ಖರ್ಚಾಗಿರುತ್ತದೆ. ಖಾಲಿ ಮಾಡುತ್ತೀವಿ ಅಂತ ಬಾಡಿಗೆಯವರು ಹೇಳಿದರೆ, ಮುಂದೆ ಬರುವವರ ಅಡ್ವಾನ್ಸ್ ತೆಗೆದು ಇವರಿಗೆ ಕೊಡಬೇಕು. ನನ್ನ ಕಥೆಯ ಸರೋಜಮ್ಮ ರಾಜಾಜಿನಗರದಲ್ಲಿ ಸ್ವಂತ ಮನೆ ಇರುವ ವಿಧವೆ. ಕೆಳಗೆ ಅವಳು, ಮೇಲೆ ಬಾಡಿಗೆ. ಮೇಲಿನ ಮನೆಯವನು ತಿಂಗಳ ಕೊನೆಗೆ ಹೊರಡುತ್ತಾನೆ. ಅಡ್ವಾನ್ಸ್ ಇಲ್ಲ. ಅದು ಎಲ್ಲಿಗೆ ಹೋಯಿತು ಅಂತ ಅವಳ ಮಗನಿಗೂ ಗೊತ್ತಿಲ್ಲ. ಆ ಒಂದು ತಿಂಗಳೇ ಸಿನಿಮಾ.

ಮೊದಲು ಮಾಡಿದ್ದು ಒನ್‌ಲೈನ್ ಆರ್ಡರ್. ಸೀನ್‌ಗೆ ಒಂದೆರಡು ಸಾಲಿನಂತೆ ಇಡೀ ಸಿನಿಮಾವನ್ನು ಸಣ್ಣ ಸಣ್ಣ ಚೀಟಿಗಳಲ್ಲಿ ಬರೆದು ಹಾಲ್‌ನಲ್ಲಿ ನೆಲದ ಮೇಲೆ ಹರಡಿದೆ. ಪ್ರತಿ ಚೀಟಿಗೂ ಒಂದೇ ಪ್ರಶ್ನೆ ಕೇಳಿದೆ: ಇದನ್ನು ತೆಗೆದುಬಿಟ್ಟರೂ ಮುಂದಿನ ಸೀನ್ ಗಟ್ಟಿಯಾಗಿ ನಿಲ್ಲುತ್ತಾ? ನಿಂತರೆ ಆ ಚೀಟಿ ಬೇಡ. ಇಷ್ಟವಾಗಿದ್ದ ಎಷ್ಟೋ ಚೀಟಿಗಳು ಹಾಗೆ ಎದ್ದು ಹೋದವು.

ಇಂಗ್ಲಿಷ್ ಪುಸ್ತಕಗಳು ಕಥೆಗೆ ಆರಂಭ, ನಡು, ಕೊನೆ ಅಂತ ಮೂರು ಅಂಕದ ಲೆಕ್ಕ ಹೇಳುತ್ತವೆ. ಓದಿ ತಿಳಿದುಕೊಳ್ಳಬೇಕಾದದ್ದೇ. ಆದರೆ ನಮ್ಮಲ್ಲಿ ಇಂಟರ್ವಲ್ ಇದೆ. ಪ್ರೇಕ್ಷಕ ಎದ್ದು ಹೊರಗೆ ಹೋಗುತ್ತಾನೆ, ಕಾಫಿ ಕುಡಿಯುತ್ತಾನೆ, ಇಷ್ಟು ಹೊತ್ತು ನೋಡಿದ್ದರ ಬಗ್ಗೆ ಪಕ್ಕದವರ ಹತ್ತಿರ ಮಾತಾಡಿ ಮತ್ತೆ ಒಳಗೆ ಬರುತ್ತಾನೆ. ಅವನು ಏನು ಮಾತಾಡಬೇಕು ಅನ್ನುವುದನ್ನು ಬರೆಯುವವರು ಮೊದಲೇ ಯೋಚಿಸಬೇಕು. ನನಗೆ ಇಂಟರ್ವಲ್ ಸಿಕ್ಕಿದ ದಿನ ಸಿನಿಮಾ ಸಿಕ್ಕಿತು. ಬ್ರೋಕರ್ ಕರೆತಂದ ಒಂದು ಕುಟುಂಬದ ಹತ್ತಿರ ಸರೋಜಮ್ಮ ಅಡ್ವಾನ್ಸ್ ತೆಗೆದುಕೊಳ್ಳುತ್ತಾಳೆ. ಅದು ಸಾಲುವುದಿಲ್ಲ. ಸಂಜೆ ಇನ್ನೊಂದು ಕುಟುಂಬ ಬರುತ್ತದೆ. ಅವರ ಹತ್ತಿರವೂ ತೆಗೆದುಕೊಳ್ಳುತ್ತಾಳೆ. ಇರುವುದು ಒಂದೇ ಮನೆ. ಅಲ್ಲಿಗೆ ಇಂಟರ್ವಲ್.

ಒಂದು ಸೀನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಾಡಿಗೆಯವನು ಮೊದಲ ಸಲ ಅಡ್ವಾನ್ಸ್ ಕೇಳುವ ಸೀನ್ ಅದು. ಮೊದಲ ಡ್ರಾಫ್ಟ್‌ನಲ್ಲಿ ಪೂರಾ ಮಾತು ಇತ್ತು. ಅವಳು ಅವಳ ಕಷ್ಟ ಹೇಳುತ್ತಾಳೆ, ಅವನು ಅವನ ಕಷ್ಟ ಹೇಳುತ್ತಾನೆ, ಇಬ್ಬರ ಮಾತೂ ನ್ಯಾಯವೇ. ಓದಿದರೆ ಚೆನ್ನಾಗಿತ್ತು. ಜೋರಾಗಿ ಓದಿದರೆ ಇನ್ನೂ ಚೆನ್ನಾಗಿತ್ತು. ಆದರೆ ಅಲ್ಲಿ ಕ್ಯಾಮೆರಾಗೆ ಕೆಲಸವೇ ಇರಲಿಲ್ಲ.

ಎರಡನೇ ಡ್ರಾಫ್ಟ್‌ನಲ್ಲಿ ಹೀಗೆ ಬಂತು. ಸರೋಜಮ್ಮ ಕಾಫಿ ಹಿಡಿದು ಮೇಲಿನ ಮನೆಗೆ ಬರುತ್ತಾಳೆ. ಅರ್ಧ ಸಾಮಾನು ಡಬ್ಬಗಳಲ್ಲಿ ಪ್ಯಾಕ್ ಆಗಿದೆ. ಅವನು ಅಡ್ವಾನ್ಸ್ ಮಾತು ತೆಗೆಯುತ್ತಾನೆ. ಅವಳು ಉತ್ತರ ಕೊಡುವುದಿಲ್ಲ, ಗೋಡೆ ನೋಡುತ್ತಾಳೆ. ಫೋಟೋ ತೆಗೆದ ಜಾಗದಲ್ಲಿ ಒಂದು ಮೊಳೆ ಉಳಿದಿದೆ. "ಇದು ನೀನು ಹೊಡ್ದಿದ್ದೇನಪ್ಪಾ?" ಅವನು ಹೂಂ ಅನ್ನುತ್ತಾನೆ. ಅವಳು ಪಕ್ಕದ ಗೋಡೆಗೆ ಹೋಗುತ್ತಾಳೆ. ಒಂದು, ಎರಡು, ಮೂರು ಅಂತ ಮೊಳೆ ಎಣಿಸುತ್ತಾಳೆ. ಹಾಲ್ ಮುಗಿಸಿ ರೂಮಿಗೆ ಹೋಗುತ್ತಾಳೆ. ಅವಳು ಕಾಣುವುದಿಲ್ಲ, ಎಣಿಕೆ ಮಾತ್ರ ಕೇಳುತ್ತಿರುತ್ತದೆ. ಅವನ ಕೈಯಲ್ಲಿ ಕಾಫಿ ಆರುತ್ತಿರುತ್ತದೆ. ಗೋಡೆ ರಿಪೇರಿಗೆ, ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವ ಲೆಕ್ಕ ಅದು ಅಂತ ಮೊದಲು ಅನ್ನಿಸುತ್ತದೆ. ಎಣಿಕೆ ಮುಗಿಯದೆ ಹೋದಾಗ ಅವನಿಗೆ ಅರ್ಥವಾಗುತ್ತದೆ. ದುಡ್ಡಿಲ್ಲ ಅಂತ ಯಾರೂ ಹೇಳಲಿಲ್ಲ, ಆದರೂ ಅವನಿಗೂ ನೋಡುವವರಿಗೂ ಗೊತ್ತಾಯಿತು. ಮೂರು ಪುಟದ ಮಾತು ಕಾಲು ಪುಟಕ್ಕೆ ಇಳಿಯಿತು. ಚಿತ್ರಕಥೆ ಅಂದರೆ ನನಗೆ ಅವತ್ತಿನಿಂದ ಇದೇ. ಪಾತ್ರ ಹೇಳಲಾಗದ್ದನ್ನು ಮಾಡುವಂತೆ ಮಾಡಬೇಕು.

ಬರೆಯುವ ಫಾರ್ಮ್ಯಾಟ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಹಳೆಯ ಪದ್ಧತಿ, ಪುಟವನ್ನು ಎರಡು ಭಾಗ ಮಾಡಿ ಎಡಗಡೆ ದೃಶ್ಯ, ಬಲಗಡೆ ಸಂಭಾಷಣೆ ಬರೆಯುವುದು. ಅನುಭವ ಇರುವ ಕೋ-ಡೈರೆಕ್ಟರ್‌ಗಳು ಈಗಲೂ ಅದನ್ನೇ ಕೇಳುತ್ತಾರೆ. ಅದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಎಡಗಡೆ ಖಾಲಿ ಇದ್ದು ಬಲಗಡೆ ತುಂಬಿ ತುಳುಕುತ್ತಿದ್ದರೆ ಓದದೆಯೇ ಗೊತ್ತಾಗುತ್ತದೆ, ಈ ಸೀನ್‌ನಲ್ಲಿ ಮಾತು ಜಾಸ್ತಿಯಾಗಿದೆ ಅಂತ. ನಾನು ಇವತ್ತಿಗೂ ಮೊದಲ ಡ್ರಾಫ್ಟ್ ಹಾಗೇ ಬರೆಯುತ್ತೇನೆ. ಹೊರಗೆ ಕಳಿಸುವಾಗ ಎಲ್ಲ ಕಡೆ ನಡೆಯುವ ಫಾರ್ಮ್ಯಾಟ್‌ಗೆ ತರುತ್ತೇನೆ. ಮೇಲೆ ಸೀನ್ ಹೆಡಿಂಗ್, ಕೆಳಗೆ ಆ್ಯಕ್ಷನ್, ಪಾತ್ರದ ಹೆಸರು ಮಧ್ಯದಲ್ಲಿ. ಆ ಫಾರ್ಮ್ಯಾಟ್‌ನಲ್ಲಿ ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇದೆ. ಅದು ಇಂಗ್ಲಿಷ್‌ನ ಕೊರಿಯರ್ ಫಾಂಟ್, 12 ಪಾಯಿಂಟ್ ಸೈಜ್ ನಂಬಿಕೊಂಡ ಲೆಕ್ಕ. ಒತ್ತಕ್ಷರ ಇರುವ ನಮ್ಮ ಲಿಪಿಗೆ ಸಾಲಿನ ನಡುವೆ ಜಾಗ ಜಾಸ್ತಿ ಬೇಕು, ಪುಟ ಬೇಗ ತುಂಬುತ್ತದೆ. ಹಾಗಾಗಿ ಪುಟ ನೋಡಿ ನಿಮಿಷ ಹೇಳೋಕೆ ಆಗುವುದಿಲ್ಲ. ನಾನು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಸೀನ್ ಅನ್ನು ಗಟ್ಟಿಯಾಗಿ ಓದುತ್ತೇನೆ, ನಡೆದಾಡುವ ಜಾಗದಲ್ಲಿ ನಡೆದಾಡಿ ನೋಡುತ್ತೇನೆ.

ಟೈಪಿಂಗ್ ವಿಚಾರದಲ್ಲಿ ಹೊಸಬರು ಒಂದು ಗಮನಿಸಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಗೀಚಾಗಿ ಕಾಣಬಹುದು. ಯೂನಿಕೋಡ್‌ನಲ್ಲೇ ಮಾಡಿ. ಚಿತ್ರಕಥೆಗೆ ಅಂತಲೇ ಇರುವ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ ಇಂಗ್ಲಿಷ್ ನೋಡಿಕೊಂಡು ಮಾಡಿದಂಥವು. ಬೆಂಗಳೂರಿನಲ್ಲೇ ತಯಾರಾದ ಸ್ಕ್ರೈಟ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಬೆರೆಸಿ ಬರೆಯಬಹುದು. ನನಗೆ ಅದು ಒಗ್ಗಿತು.

ಡ್ರಾಫ್ಟ್ ಒಂದು ಹದಕ್ಕೆ ಬಂದ ಮೇಲೆ ಕೆಲವರಿಗೆ ಕಥೆ ಹೇಳೋಕೆ ಶುರು ಮಾಡಿದೆ. ಒಂದು ಕಡೆ ಪೂರ್ತಿ ಕೇಳಿ, "ಇದೇ ಲೈನ್ ನಮ್ಮ ಹತ್ರ ಆಗ್ಲೇ ಇದೆ" ಅಂದರು. ನಿಜವೂ ಇರಬಹುದು. ಅಡ್ವಾನ್ಸ್ ವಾಪಸ್ ಕೊಡಲಾಗದ ಓನರ್ ಈ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ, ಅದು ಇನ್ನೊಬ್ಬರಿಗೂ ಹೊಳೆಯಬಹುದು, ಅಲ್ವಾ? ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಳೆ ಎಣಿಸುವ ಸೀನ್ ಕೂಡ ಹೇಳಿಬಿಟ್ಟಿದ್ದೆ.

ಆಗ ವಕೀಲರಾದ ಸ್ನೇಹಿತೆಯೊಬ್ಬರ ಹತ್ತಿರ ಕೂತು ತಿಳಿದುಕೊಂಡೆ. ಐಡಿಯಾಗೆ ಕಾಪಿರೈಟ್ ಇಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆನಂದ್ ನಾಟಕಕಾರರು. ತಮ್ಮ ನಾಟಕವನ್ನೇ ಸಿನಿಮಾ ಮಾಡಿದ್ದಾರೆ ಅಂತ ಮೊಕದ್ದಮೆ ಹೂಡಿದ್ದರು, ಸೋತರು. ವಸ್ತು, ವಿಷಯ, ಕಥೆಯ ಎಳೆ ಯಾರ ಸ್ವತ್ತೂ ಅಲ್ಲ. ಅದನ್ನು ನೀವು ಯಾವ ರೂಪದಲ್ಲಿ, ಯಾವ ಜೋಡಣೆಯಲ್ಲಿ, ಯಾವ ಮಾತಿನಲ್ಲಿ ಕಟ್ಟಿದ್ದೀರೋ ಅದು ಮಾತ್ರ ನಿಮ್ಮದು. ಅಂದರೆ "ಅಡ್ವಾನ್ಸ್ ಖರ್ಚು ಮಾಡಿಕೊಂಡ ಓನರ್" ನನ್ನವಳಲ್ಲ. ಸೀನ್ ಸೀನ್ ಆಗಿ ಕಟ್ಟಿ, ಮಾತು ಕೊಟ್ಟು, ಮೊಳೆ ಎಣಿಸಲು ಕಳಿಸಿದ ಸರೋಜಮ್ಮ ನನ್ನವಳು. ಬರೆದಷ್ಟೂ ಭದ್ರ. ಎರಡು ಪುಟದ ಸಾರಾಂಶಕ್ಕಿಂತ ಪೂರ್ತಿ ಸ್ಕ್ರಿಪ್ಟ್ ಬಲ ಅಂತ ಅವರು ಹೇಳಿದ್ದು ಇದಕ್ಕೇ.

ರಿಜಿಸ್ಟರ್ ಮಾಡಿಸೋಕೆ ಎರಡು ದಾರಿ ಇವೆ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಆನ್‌ಲೈನ್‌ನಲ್ಲೇ ಸ್ಕ್ರಿಪ್ಟ್ ಅಪ್‌ಲೋಡ್ ಮಾಡಿ ನೋಂದಾಯಿಸಬಹುದು. ಇಂಥ ದಿನ ಈ ಬರಹ ನಿಮ್ಮ ಕೈಯಲ್ಲಿತ್ತು ಅನ್ನುವುದಕ್ಕೆ ಅದು ಸಾಕ್ಷಿ. ಇನ್ನೊಂದು ಕೇಂದ್ರ ಸರ್ಕಾರದ ಕಾಪಿರೈಟ್ ಕಚೇರಿ. ಫಾರ್ಮ್ 14, ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ಅರ್ಜಿ ಹಾಕಿದ ಕೂಡಲೇ ಡೈರಿ ನಂಬರ್ ಸಿಗುತ್ತದೆ. ಯಾರಾದರೂ ತಕರಾರು ಎತ್ತುತ್ತಾರಾ ಅಂತ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಸರ್ಟಿಫಿಕೇಟ್ ಬರೋಕೆ ತಿಂಗಳುಗಳು ಹಿಡಿಯಬಹುದು. ನೋಂದಣಿ ಕಡ್ಡಾಯ ಅಲ್ಲ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ. ನೋಂದಣಿ ಅದಕ್ಕೊಂದು ಸಾಕ್ಷಿ ಅಷ್ಟೇ. ನಾನು ಎರಡನ್ನೂ ಮಾಡಿದೆ. ಫಿಲ್ಮ್ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಮಾಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದು ನಿರ್ಮಾಪಕರು ತಮ್ಮ ಬ್ಯಾನರ್ ಹೆಸರಿನಲ್ಲಿ ಮಾಡಿಸುವ ಕೆಲಸ. ಅದರಿಂದ ಸಿನಿಮಾದ ಹೆಸರು ಉಳಿಯುತ್ತದೆ, ನಿಮ್ಮ ಕಥೆ ಅಲ್ಲ.

ಅಲ್ಲಿಂದ ಮುಂದೆ ಒಂದು ನಿಯಮ ಮಾಡಿಕೊಂಡೆ. ಕಥೆ ಹೇಳೋಕೆ ಹೋಗುವ ಮೊದಲು ಮೇಲ್ ಹೋಗಬೇಕು. "ನಮಸ್ಕಾರ ಸಾರ್, ನಾಳೆ ನಿಮ್ಮ ಆಫೀಸಿನಲ್ಲಿ ಹೇಳಲಿರುವ ಕಥೆಯ ಸಾರಾಂಶ ಇದರ ಜೊತೆ ಇದೆ" ಅಂತ ಎರಡು ಸಾಲು, ಜೊತೆಗೆ ರಿಜಿಸ್ಟರ್ ನಂಬರ್ ಇರುವ ಪಿಡಿಎಫ್. ಹೇಳಿ ಬಂದ ಮೇಲೆ ಇನ್ನೊಂದು ಮೇಲ್. "ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ನೀವು ಹೇಳಿದ ಸಲಹೆಗಳು ಇವು." ಇದರಿಂದ ಯಾರೂ ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಈ ಹುಡುಗಿ ಶಿಸ್ತಿನವಳು ಅಂತ ಅಂದುಕೊಂಡವರೇ ಜಾಸ್ತಿ.

ನರೇಷನ್, ಅಂದರೆ ಹೀಗೆ ಕೂತು ಬಾಯಲ್ಲಿ ಕಥೆ ಹೇಳುವುದು, ಬೇರೆಯದೇ ವಿದ್ಯೆ. ಸ್ಕ್ರಿಪ್ಟ್‌ನಲ್ಲಿ ಇರುವಂತೆಯೇ ಹೇಳಿದರೆ ಹತ್ತು ನಿಮಿಷಕ್ಕೆ ಕೇಳುವವರ ಕೈ ಮೊಬೈಲ್‌ಗೆ ಹೋಗುತ್ತದೆ. ಎಲ್ಲ ಸೀನ್ ಹೇಳಬಾರದು. ನಾನು ಕೆಲವು ಸೀನ್ ಮಾತ್ರ ಪೂರ್ತಿ ಹೇಳುತ್ತಿದ್ದೆ: ಓಪನಿಂಗ್, ಮೊಳೆ, ಇಂಟರ್ವಲ್, ಮಗನಿಗೆ ವಿಷಯ ಗೊತ್ತಾಗುವುದು, ಕ್ಲೈಮ್ಯಾಕ್ಸ್. ನಡುವಿನದ್ದೆಲ್ಲ ಎರಡೆರಡು ಮಾತಿನಲ್ಲಿ ದಾಟಿಸುತ್ತಿದ್ದೆ. ಕಾಗದ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಫೋನ್ ಬಂದೇ ಬರುತ್ತದೆ. ಬಂದರೆ ಒಂದು ಪ್ರಶ್ನೆಯ ಮೇಲೆ ನಿಲ್ಲಿಸಬೇಕು, ಆಗ ಅವರೇ "ಹಾಂ, ಆ ಎರಡನೇ ಫ್ಯಾಮಿಲಿ ಏನಾಯ್ತು?" ಅಂತ ವಾಪಸ್ ಬರುತ್ತಾರೆ.

ಕಷ್ಟವಾದದ್ದು ಮೊಳೆ ಸೀನ್. ತೆರೆಯ ಮೇಲೆ ಅದು ಮಾತಿಲ್ಲದೆ ಮುಟ್ಟುತ್ತದೆ, ಬಾಯಲ್ಲಿ ಹೇಳಿದರೆ "ಅವಳು ಮೊಳೆ ಎಣಿಸುತ್ತಾಳೆ" ಅಂತ ಒಂದು ಸಾಲು. ಕೇಳಿದವರ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಸಿನಿಮಾ ಒಪ್ಪಿದ ನಿರ್ಮಾಪಕರ ಆಫೀಸಿನಲ್ಲಿ ನಾನು ಕುರ್ಚಿಯಿಂದ ಎದ್ದು, ಅವರ ಗೋಡೆಯ ಕಡೆ ತಿರುಗಿ, ನಿಧಾನವಾಗಿ ಎಣಿಸೋಕೆ ಶುರು ಮಾಡಿದೆ. ಒಂದು. ಎರಡು. ಹಳೆಯ ಶತದಿನೋತ್ಸವದ ಫೋಟೋಗಳು ತುಂಬಿದ್ದ ಗೋಡೆ ಅದು. ಏಳಕ್ಕೆ ಬಂದಾಗ ರೂಮ್ ಪೂರ್ತಿ ಸುಮ್ಮನಾಗಿತ್ತು. ಹನ್ನೊಂದಕ್ಕೆ ನಿರ್ಮಾಪಕರು, "ಅಯ್ಯೋ, ಖರ್ಚು ಮಾಡ್ಕೊಂಬಿಟ್ಟಿದ್ದಾಳೆ ಕಣೋ" ಅಂತ ಪಕ್ಕದವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮ, ನಮ್ಮಮ್ಮನೂ ಹೀಗೇ ಒಂದ್ಸಲ ಒದ್ದಾಡಿದ್ರು. ಮುಂದೆ ಹೇಳು" ಅಂದರು.

ಅವರು ಒಪ್ಪಿದ ಖುಷಿಯಲ್ಲಿ ಟೋಕನ್ ಅಡ್ವಾನ್ಸ್ ಅಂತ ಕವರ್ ಕೊಡೋಕೆ ಬಂದರು. ಮನೆಯಲ್ಲಿ ದುಡ್ಡಿನ ಅವಸರ ಇತ್ತು. ಆದರೂ, "ಸಾರ್, ಅಗ್ರಿಮೆಂಟ್ ಆಗ್ಲಿ, ಬ್ಯಾಂಕಿಗೇ ಹಾಕಿಬಿಡಿ" ಅಂದೆ. ಬ್ಯಾಂಕಿಗೆ ಬಂದ ದುಡ್ಡಿಗೆ ದಾಖಲೆ ಇರುತ್ತದೆ. ಕೊಡುವಾಗಲೇ ಆದಾಯ ತೆರಿಗೆ ಅಂತ ಶೇ 10ರಷ್ಟು ಟಿಡಿಎಸ್ ಹಿಡಿದರೆ ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗುತ್ತದೆ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಕವರ್‌ಗೆ ಇದ್ಯಾವುದೂ ಇಲ್ಲ.

ಅಗ್ರಿಮೆಂಟ್ ಡ್ರಾಫ್ಟ್ ಬಂದಾಗ ನಾನು ಮತ್ತು ಆ ವಕೀಲ ಸ್ನೇಹಿತೆ ಸಾಲು ಸಾಲು ಓದಿದೆವು. ಎಲ್ಲ ಹಕ್ಕೂ ಶಾಶ್ವತವಾಗಿ, ಜಗತ್ತಿನಾದ್ಯಂತ ನಿರ್ಮಾಪಕರಿಗೆ ಅಂತ ಇತ್ತು. ಎಲ್ಲ ಕಡೆ ಹೀಗೇ ಬರೆದಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಬರಹಗಾರರ ಪರ ಕೆಲವು ಆಸರೆ ಇಟ್ಟಿದೆ. ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡವರು ಒಂದು ವರ್ಷ ಅದನ್ನು ಬಳಸದೇ ಇದ್ದರೆ ಅದು ವಾಪಸ್ ಬರುತ್ತದೆ. ಆದರೆ ಅಗ್ರಿಮೆಂಟ್‌ನಲ್ಲಿ ಬೇರೆ ಹೇಳಿದ್ದರೆ ಇವ್ಯಾವುವೂ ನಡೆಯುವುದಿಲ್ಲ. ಅದಕ್ಕೇ ಸಣ್ಣ ಅಕ್ಷರ ಓದಬೇಕು. ನಾನು ಕೇಳಿದ್ದು, ಎರಡು ವರ್ಷದಲ್ಲಿ ಶೂಟಿಂಗ್ ಶುರುವಾಗದಿದ್ದರೆ ಸ್ಕ್ರಿಪ್ಟ್ ನನಗೆ ವಾಪಸ್. ಒಪ್ಪಿದರು. ರೀಮೇಕ್ ಆದರೆ ಬೇರೆ ಸಂಭಾವನೆ ಕೇಳಿದೆ. ಒಂದು ಪಾಲು ಅಂತ ಒಪ್ಪಿದರು. ಟೈಟಲ್ ಕಾರ್ಡ್‌ನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಮೂರಕ್ಕೂ ನನ್ನ ಹೆಸರು, ಪೋಸ್ಟರ್‌ನಲ್ಲೂ ಹೆಸರು ಅಂತ ಬರೆಸಿದೆ. ಹಕ್ಕು ಮಾರಿದ ಮೇಲೂ ಇದು ನನ್ನ ಬರಹ ಅಂತ ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್‌ನಲ್ಲಿ ಇದೆ. ಆದರೂ ಹೆಸರು ಎಲ್ಲಿ ಬರಬೇಕು ಅನ್ನುವುದನ್ನು ಬರೆಸಿಕೊಂಡರೆ ಆಮೇಲೆ ವಾದ ಇರುವುದಿಲ್ಲ.

ಇದೇ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಚಿತ್ರಕಥೆ ಬರೆಯುವವರಿಗೆಲ್ಲ ಗೊತ್ತಿರಬೇಕು. ಥಿಯೇಟರ್‌ನಲ್ಲಿ ಸಿನಿಮಾ ಓಡುವುದನ್ನು ಬಿಟ್ಟು ಬೇರೆ ರೀತಿಯ ಬಳಕೆಗೆ ಬರುವ ರಾಯಲ್ಟಿಯಲ್ಲಿ ಲೇಖಕರ ಸಮಪಾಲನ್ನು ಬರೆದುಕೊಟ್ಟರೂ ಕಳೆದುಕೊಳ್ಳುವಂತಿಲ್ಲ ಅಂತ ಅದು ಹೇಳುತ್ತದೆ. ಆ ಲೆಕ್ಕದಲ್ಲಿ ನನ್ನ ಕೈಗೆ ಇನ್ನೂ ಏನೂ ಬಂದಿಲ್ಲ. ಆದರೂ ಆ ಹಕ್ಕನ್ನು ಬಿಟ್ಟುಕೊಡುತ್ತೇನೆ ಅನ್ನುವ ಸಾಲಿಗೆ ಸಹಿ ಹಾಕಲಿಲ್ಲ, ತೆಗೆಸಿದೆ.

ಕಂತುಗಳ ವಿಷಯದಲ್ಲಿ ಸ್ವಲ್ಪ ಎಳೆದಾಟ ಆಯಿತು. ಕೊನೆಯ ಕಂತು ಬಿಡುಗಡೆ ದಿನ ಅಂತ ಅವರು ಬರೆದಿದ್ದರು. ಶೂಟಿಂಗ್ ಮುಗಿದೂ ಬಿಡುಗಡೆಯಾಗದೆ ಕೂತ ಸಿನಿಮಾಗಳು ನಮ್ಮಲ್ಲಿ ಎಷ್ಟಿಲ್ಲ? ಬರೆದವರ ಕೆಲಸ ಮುಗಿದಿರುತ್ತದೆ, ದುಡ್ಡು ಮಾತ್ರ ನಿಂತಿರುತ್ತದೆ. ಸಹಿಗೆ ಒಂದು, ಸಂಭಾಷಣೆ ಸೇರಿದ ಪೂರ್ತಿ ಸ್ಕ್ರಿಪ್ಟ್, ಅಂದರೆ ಡೈಲಾಗ್ ವರ್ಷನ್‌ಗೆ ಒಂದು, ಶೂಟಿಂಗ್ ಮೊದಲ ದಿನಕ್ಕೆ ಒಂದು, ಸೆನ್ಸಾರ್ ಅರ್ಜಿ ಹಾಕುವ ಮೊದಲು ಕೊನೆಯದು, ಹೀಗೆ ಮಾಡಿಸಿದೆ. ಇ-ಸ್ಟಾಂಪ್ ಪೇಪರ್ ಮೇಲೆ ಇಬ್ಬರೂ ಸಹಿ ಹಾಕಿದೆವು.

ಆಮೇಲೆ ಡೈರೆಕ್ಟರ್ ಬಂದರು, ಎಲ್ಲರೂ ಕೂತು ಸ್ಕ್ರಿಪ್ಟ್ ಚರ್ಚಿಸಿ ತಿದ್ದುವ ಡಿಸ್ಕಷನ್ ಶುರುವಾಯಿತು. ಮೆಜೆಸ್ಟಿಕ್ ಹತ್ತಿರದ ಲಾಡ್ಜ್‌ನಲ್ಲಿ ಒಂದು ರೂಮು, ಬೈಟು ಕಾಫಿ ಮೇಲೆ ಬೈಟು ಕಾಫಿ. ಡಿಸ್ಕಷನ್ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಸಿನಿಮಾದ ಎಷ್ಟೋ ಒಳ್ಳೆಯ ಸೀನ್‌ಗಳು ಅಲ್ಲೇ ಹುಟ್ಟುತ್ತವೆ. ಅಲ್ಲಿ ತಿಂಗಳುಗಟ್ಟಲೆ ಕೂತ ಹುಡುಗರಿಗೆ ತಿಂಡಿ, ಬಸ್ ಚಾರ್ಜ್ ಬಿಟ್ಟು ಏನೂ ಸಿಗುವುದಿಲ್ಲ, ಹೆಸರೂ ಬರುವುದಿಲ್ಲ. ಇದು ಬದಲಾಗಬೇಕು. ನಮ್ಮ ರೂಮಿನಲ್ಲಿ ಕೂತ ಇಬ್ಬರು ಅಸಿಸ್ಟೆಂಟ್‌ಗಳ ಹೆಸರು 'ಚಿತ್ರಕಥೆ ಸಹಾಯ' ಅಂತ ಕಾರ್ಡ್‌ನಲ್ಲಿ ಬರಲಿ ಅಂತ ನಾನು ಡೈರೆಕ್ಟರ್ ಹತ್ತಿರ ಕೇಳಿದೆ. ಬಂತು.

ಮಗನಿಗೆ ವಿಷಯ ಗೊತ್ತಾಗುವುದು ನನ್ನ ಡ್ರಾಫ್ಟ್‌ನಲ್ಲಿ ಕ್ಲೈಮ್ಯಾಕ್ಸ್ ಹತ್ತಿರ ಇತ್ತು. ಡೈರೆಕ್ಟರ್ ಅದನ್ನು ಇಂಟರ್ವಲ್ ಆದ ಕೂಡಲೇ ತಂದರು. ಮೊದಲು ನನಗೆ ಇಷ್ಟವಾಗಲಿಲ್ಲ. ಬರೆದು ನೋಡಿದ ಮೇಲೆ ಗೊತ್ತಾಯಿತು, ಅವರು ಹೇಳಿದ್ದೇ ಸರಿ. ಎರಡನೇ ಅರ್ಧದಲ್ಲಿ ಮಗನಿಗೆ ಎಲ್ಲ ಗೊತ್ತು, ಅವನಿಗೆ ಗೊತ್ತಿದೆ ಅನ್ನುವುದು ಅಮ್ಮನಿಗೆ ಗೊತ್ತಿಲ್ಲ. ಊಟಕ್ಕೆ ಕೂತ ಸೀನ್ ಕೂಡ ಬಿಗಿಯಾಯಿತು. ಬಜೆಟ್‌ಗಾಗಿ ಛತ್ರದ ಮದುವೆ ಸೀನ್ ಹೋಯಿತು, ಬ್ರೋಕರ್ ಮತ್ತು ಪಕ್ಕದ ಮನೆಯವನು ಸೇರಿ ಒಂದೇ ಪಾತ್ರವಾದರು, ರಾತ್ರಿ ಸೀನ್‌ಗಳು ಹಗಲಿಗೆ ಬಂದವು. ಇವೆಲ್ಲ ಸರಿಯೇ. ಕಥೆಗೆ ಸಂಬಂಧವಿಲ್ಲದ ಕಾಮಿಡಿ ಟ್ರ್ಯಾಕ್ ಬೇಕು ಅಂತ ಡಿಸ್ಟ್ರಿಬ್ಯೂಟರ್ ಕಡೆಯಿಂದ ಮಾತು ಬಂದಾಗ ಮಾತ್ರ ನಾನು, ಡೈರೆಕ್ಟರ್ ಇಬ್ಬರೂ ಒಟ್ಟಿಗೆ ನಿಂತೆವು. ಆ ಬ್ರೋಕರ್ ಪಾತ್ರಕ್ಕೇ ಸ್ವಲ್ಪ ನಗು ಸೇರಿಸಿದೆವು, ಮಾತು ಅಲ್ಲಿಗೆ ನಿಂತಿತು.

ಸ್ಕ್ರಿಪ್ಟ್ ಪೂಜೆ ದಿನ ಮಲ್ಲೇಶ್ವರದ ದೇವಸ್ಥಾನದಲ್ಲಿ ಬೈಂಡ್ ಮಾಡಿದ ಪ್ರತಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಮುಹೂರ್ತ, ಕ್ಲಾಪ್, ಶೆಡ್ಯೂಲ್ ಎಲ್ಲ ಬೇಗ ಬೇಗ ಆಯಿತು. ಸೆಟ್‌ನಲ್ಲಿ ನನ್ನ ಕೆಲಸ ಸ್ವಲ್ಪ. ನಟರ ಬಾಯಿಗೆ ಬಾರದ ಸಾಲು ಅಲ್ಲೇ ತಿದ್ದಿಕೊಡುವುದು.

ಸೆನ್ಸಾರ್ ಸ್ಕ್ರಿಪ್ಟ್ ನಾನೇ ಮಾಡುತ್ತೇನೆ ಅಂತ ಕೇಳಿ ತೆಗೆದುಕೊಂಡೆ. ಸಾಮಾನ್ಯವಾಗಿ ಅಸಿಸ್ಟೆಂಟ್‌ಗಳಿಗೆ ಬಿಡುವ ಕೆಲಸ. ಎಡಿಟಿಂಗ್, ಡಬ್ಬಿಂಗ್ ಮುಗಿದ ಸಿನಿಮಾ ನೋಡುತ್ತಾ ತೆರೆಯ ಮೇಲೆ ಕೇಳುವ ಪ್ರತಿ ಮಾತನ್ನೂ, ಹಾಡಿನ ಸಾಲನ್ನೂ ಟೈಪ್ ಮಾಡಿ ಅರ್ಜಿ ಜೊತೆ ಕೊಡಬೇಕು. ಬೆಂಗಳೂರಿನ ಸೆನ್ಸಾರ್ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ, ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನುವ ಯು/ಎ ಸರ್ಟಿಫಿಕೇಟ್‌ನಲ್ಲಿ 7, 13, 16 ವರ್ಷ ಮೇಲ್ಪಟ್ಟವರಿಗೆ ಅಂತ ಮೂರು ವಿಭಾಗ ಆಗಿವೆ. ನಮ್ಮ ಸಿನಿಮಾದಲ್ಲಿ ಬ್ರೋಕರ್ ಬೈಯುವ ಒಂದು ಮಾತು ಮ್ಯೂಟ್ ಆಯಿತು, ಅಷ್ಟೇ.

ಅದನ್ನು ಟೈಪ್ ಮಾಡಿದ್ದೇ ನನಗೆ ದೊಡ್ಡ ಪಾಠ. ನಾನು ಬರೆದದ್ದು ಒಂದು ಕಿಟಕಿಯಲ್ಲಿ, ಸಿನಿಮಾ ಇನ್ನೊಂದು ಕಿಟಕಿಯಲ್ಲಿ. ಎಲ್ಲಿ ಸಾಲು ಉಳಿದಿದೆ, ಎಲ್ಲಿ ಬಿದ್ದಿದೆ ಅಂತ ಕಣ್ಣಿಗೆ ಕಂಡಿತು. ಬಿದ್ದ ಸಾಲುಗಳಲ್ಲಿ ಹೆಚ್ಚಿನವು ಪಾತ್ರ ತನ್ನ ಭಾವನೆಯನ್ನು ತಾನೇ ವಿವರಿಸುವ ಸಾಲುಗಳು. ಮೊಳೆ ಸೀನ್‌ನಲ್ಲಿ ಸರೋಜಮ್ಮನ ಪಾತ್ರ ಮಾಡಿದವರು ಹದಿಮೂರಕ್ಕೆ ಬಂದು ಲೆಕ್ಕ ತಪ್ಪಿದವರಂತೆ ನಿಂತು, ಮತ್ತೆ ಮೊದಲ ಗೋಡೆಗೆ ಬಂದು "ಒಂದು" ಅಂತ ಶುರು ಮಾಡಿದ್ದಾರೆ. ಅದು ನನ್ನ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಅವಳಿಗೆ ಬೇಕಿರುವುದು ಹೊತ್ತು, ಲೆಕ್ಕ ಅಲ್ಲ ಅಂತ ಆ ನಟಿ ನನಗಿಂತ ಚೆನ್ನಾಗಿ ಹಿಡಿದಿದ್ದರು. ಅದನ್ನೂ ಟೈಪ್ ಮಾಡಿದೆ.

ಕೊನೆಯ ಕಂತು ಅರ್ಜಿ ಹಾಕುವ ಮೊದಲೇ ಅಕೌಂಟಿಗೆ ಬಂತು. ಬಿಡುಗಡೆ ಎರಡು ಸಲ ಮುಂದಕ್ಕೆ ಹೋಯಿತು. ಅಗ್ರಿಮೆಂಟ್‌ನ ಹಳೆಯ ಡ್ರಾಫ್ಟ್‌ಗೆ ಹಾಗೇ ಸಹಿ ಮಾಡಿದ್ದರೆ ಅಲ್ಲಿಯ ತನಕ ಕಾಯಬೇಕಿತ್ತು.

ಈಗ ಇನ್ನೊಂದು ಕಥೆಯ ಒನ್‌ಲೈನ್ ನಡೆಯುತ್ತಿದೆ, ಬೇರೆ ನಿರ್ಮಾಪಕರು. ಈ ಸಲ ಅಗ್ರಿಮೆಂಟ್‌ನಲ್ಲಿ ಎರಡು ವಿಷಯ ಹೊಸದಾಗಿ ಕೇಳಿದ್ದೇನೆ. ಡಿಸ್ಕಷನ್‌ಗೆ ಕೂರುವ ಅಸಿಸ್ಟೆಂಟ್ ರೈಟರ್‌ಗೆ ತಿಂಗಳ ಸಂಬಳ, ಮತ್ತು ಒಪ್ಪಿದ ಡ್ರಾಫ್ಟ್ ಆದ ಮೇಲೆ ಪೂರ್ತಿ ತಿರುಗಿ ಬರೆಸಿದರೆ ಅದಕ್ಕೆ ಬೇರೆ ಸಂಭಾವನೆ. ಮೊದಲನೆಯದಕ್ಕೆ ಹೂಂ ಅಂದಿದ್ದಾರೆ. ಎರಡನೆಯದಕ್ಕೆ ಸೋಮವಾರ ಮಾತಾಡೋಣ ಬನ್ನಿ ಅಂದಿದ್ದಾರೆ.